ಹಳೆಯ ಏರ್‌ಗನ್‌ಗೆ ಹೊಸ ಸ್ಪ್ರಿಂಗ್, ಹೊಸ ವಾಷರ್: ಅಳತೆ ತೆಗೆಯುವುದರಿಂದ ಕೂರಿಸುವವರೆಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತಲಿನ ಹಳೆಯ ತೋಟದ ಮನೆಗಳ ಅಟ್ಟ ಹತ್ತಿ ನೋಡಿ. ಕೆಲವು ಮನೆಗಳಲ್ಲಾದರೂ ಒಂದು ಏರ್‌ಗನ್ ಸಿಗುತ್ತದೆ. ನಳಿಗೆ ಮಡಚಿ ಲೋಡ್ ಮಾಡುವ, ಒಳಗೆ ದಪ್ಪ ಸ್ಪ್ರಿಂಗ್ ಇರುವ ಗನ್ನು. ಅಪ್ಪಂದಿರು ಅಂಗಳದಲ್ಲಿ ಡಬ್ಬಿ ಇಟ್ಟು ಗುರಿ ಹಿಡಿಯುತ್ತಿದ್ದ ಕಾಲದ್ದು. ಈಗ ಹೊಡೆದರೆ ಪೆಲೆಟ್, ಅಂದರೆ ಅದರ ಸಣ್ಣ ಗುಂಡು, 10 ಹೆಜ್ಜೆ ಹೋಗಿ ಬೀಳುತ್ತದೆ. "ಇದು ಹಾಳಾಯ್ತು" ಅಂತ ಗುಜರಿಗೆ ಹಾಕಿದವರನ್ನೂ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಅಂಥವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಒಂದು ಸ್ಪ್ರಿಂಗ್, ಒಂದು ವಾಷರ್, ಒಂದು ಭಾನುವಾರ. ಅಷ್ಟೇ.

ನಮ್ಮ ಮನೆಯ ಗನ್ನು ಜರ್ಮನಿಯ ಡಯಾನಾ 35ರ ಮಾದರಿಯಲ್ಲಿ ನಮ್ಮ ದೇಶದಲ್ಲೇ ಮಾಡಿದ್ದು. ಅದನ್ನು ಎರಡು ಸಲ ಪೂರ್ತಿ ಬಿಚ್ಚಿ ಕೂರಿಸಿದ್ದೇನೆ. ಮೊದಲ ಸಲ ತಪ್ಪು ಸ್ಪ್ರಿಂಗ್ ತಂದು ಕೈ ಸುಟ್ಟುಕೊಂಡೆ. ಎರಡನೆಯ ಸಲ ಸರಿಯಾಯಿತು. ಆ ಎರಡರ ನಡುವೆ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು

ಇದನ್ನು ಓದದೆ ಮುಂದೆ ಹೋಗಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್ನಿನ ನಳಿಗೆಯ ತೂತು .177 ಇಂಚು, ಅಂದರೆ 4.5 ಮಿ.ಮೀ. ದಾಟಬಾರದು. ಹೊಡೆತದ ಶಕ್ತಿ 20 ಜೂಲ್ ದಾಟಬಾರದು. ಈ ಎರಡರಲ್ಲಿ ಒಂದು ದಾಟಿದರೂ ಲೈಸೆನ್ಸ್ ಬೇಕು. .22 ನಳಿಗೆಯ ಗನ್ನು ನಿಮ್ಮ ಅಟ್ಟದಲ್ಲಿದ್ದರೆ ಸ್ಪ್ರಿಂಗ್ ವಿಷಯ ಆಮೇಲೆ. ಮೊದಲು ಕಾಗದಪತ್ರದ ವಿಷಯ ವಿಚಾರಿಸಿ.

20 ಜೂಲ್ ಅಂದರೆ ಎಷ್ಟು? ಸಾಮಾನ್ಯ .177 ಪೆಲೆಟ್ ಸುಮಾರು ಅರ್ಧ ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಬಿದ್ದರೆ 10 ಜೂಲ್. 283 ಮೀಟರ್ ಮುಟ್ಟಿದರೆ 20 ಜೂಲ್. ವೇಗ ಸ್ವಲ್ಪ ಏರಿದರೂ ಶಕ್ತಿ ಜಾಸ್ತಿ ಏರುತ್ತದೆ. ಹಾಗಾಗಿ "ಪವರ್ ಸ್ಪ್ರಿಂಗ್" ಅಂತ ಮಾರುವುದನ್ನು ತಂದು ಹಾಕುವ ಮುಂಚೆ ಈ ಲೆಕ್ಕ ನೆನಪಿರಲಿ.

ಇನ್ನೊಂದು ಮಾತು. ತೋಟಕ್ಕೆ ಮಂಗ ಬರುತ್ತದೆ, ನವಿಲು ಬರುತ್ತದೆ, ಎಳನೀರು ಹೋಗುತ್ತದೆ, ಬೇಸರ ಆಗುತ್ತದೆ. ನನಗೂ ತೋಟ ಇದೆ. ಆದರೂ ಏರ್‌ಗನ್ ಅದಕ್ಕೆ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಕಾನೂನು ಬಿಡಿ, ಪೆಲೆಟ್ ತಾಗಿದ ಮಂಗ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಗಾಯ ಕೊಳೆತು ವಾರಗಟ್ಟಲೆ ನರಳುತ್ತದೆ. ಈ ಬರಹ ಕಾಗದದ ಗುರಿಗೆ, ಖಾಲಿ ಡಬ್ಬಿಗೆ ಹೊಡೆಯುವವರಿಗೆ ಮಾತ್ರ.

ಒಳಗೆ ಏನು ನಡೆಯುತ್ತದೆ

ಸೈಕಲ್ ಪಂಪ್ ಗೊತ್ತಲ್ವಾ? ಅದೇ. ಒಂದು ಸಿಲಿಂಡರ್, ಅದರೊಳಗೆ ಪಿಸ್ಟನ್, ಪಿಸ್ಟನ್ನಿನ ತಲೆಗೆ ವಾಷರ್. ನಳಿಗೆ ಮಡಚಿದಾಗ ಒಂದು ಕಬ್ಬಿಣದ ತೋಳು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದಿನ ಸ್ಪ್ರಿಂಗ್ ಕುಗ್ಗುತ್ತದೆ. ಟ್ರಿಗರಿನ ಕೊಕ್ಕೆ ಪಿಸ್ಟನ್ನನ್ನು ಹಿಡಿದು ನಿಲ್ಲಿಸುತ್ತದೆ. ಗನ್ನು ಎಳೆದು ನಿಂತಿದೆ ಅನ್ನುವುದು ಇದಕ್ಕೇ. ಟ್ರಿಗರ್ ಎಳೆದರೆ ಕೊಕ್ಕೆ ಬಿಟ್ಟು ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ. ಸಿಲಿಂಡರಿನಲ್ಲಿದ್ದ ಗಾಳಿ ಒತ್ತಿಕೊಂಡು ಒಂದು ಸಣ್ಣ ತೂತಿನಿಂದ ನಳಿಗೆಗೆ ಹೋಗಿ ಪೆಲೆಟ್ಟನ್ನು ತಳ್ಳುತ್ತದೆ.

ಪೆಲೆಟ್ಟನ್ನು ತಳ್ಳುವುದು ಗಾಳಿ, ಸ್ಪ್ರಿಂಗ್ ಅಲ್ಲ. ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ವಾಷರ್ ಗಾಳಿ ಬಿಟ್ಟರೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ದಂಡ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು ಅನ್ನುವುದೂ ಇದಕ್ಕೇ. ಪೆಲೆಟ್ ಇದ್ದಾಗ ಮುಂದೆ ಒತ್ತಿದ ಗಾಳಿ ಮೆತ್ತೆಯಂತೆ ಪಿಸ್ಟನ್ನನ್ನು ತಡೆಯುತ್ತದೆ. ಇಲ್ಲದಿದ್ದರೆ ಪಿಸ್ಟನ್ ನೇರ ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಮಕ್ಕಳು ಸುಮ್ನೆ ಠಕ್ ಠಕ್ ಅಂತ ಆಡಿಸಿಯೇ ಎಷ್ಟೋ ಗನ್ನುಗಳ ಸ್ಪ್ರಿಂಗ್ ಮುರಿದಿರುತ್ತದೆ.

ಬಿಚ್ಚುವ ಮುಂಚೆ ಮೂರು ಪರೀಕ್ಷೆ

ಒಂದು, ಮರ ಹಿಡಿದಿರುವ ಸ್ಕ್ರೂಗಳು. ಮುಂದೆ ಎರಡು ಬದಿಗೆ ಒಂದೊಂದು, ಟ್ರಿಗರ್ ಹತ್ತಿರ ಒಂದೋ ಎರಡೋ. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಗೆಯಲ್ಲಿ ಒಣಗಿ ಇವು ಸಡಿಲ ಆಗುತ್ತವೆ. ಗುರಿ ತಪ್ಪುತ್ತಿದ್ದರೆ ಎಷ್ಟೋ ಸಲ ರೋಗ ಇಷ್ಟೇ.

ಎರಡು, ನಳಿಗೆಯ ಬುಡದ ವಾಷರ್. ನಳಿಗೆ ಮಡಚಿದಾಗ ಪೆಲೆಟ್ ಹಾಕುವ ತೂತಿನ ಸುತ್ತ ಒಂದು ಸಣ್ಣ ರಬ್ಬರ್ ಬಳೆ ಅಥವಾ ಚರ್ಮದ ಬಳೆ ಕಾಣುತ್ತದೆ. ಅದು ಗಟ್ಟಿಯಾಗಿ ಸೀಳಿದ್ದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ನೋಡುವ ಬಗೆ ಸುಲಭ. ನಳಿಗೆ ಮುಚ್ಚಿ, ಆ ಜೋಡಣೆಯ ಮೇಲೆ ಟಿಶ್ಯೂ ಕಾಗದದ ಒಂದು ತೆಳು ತುಂಡು ಇಡಿ. ಪೆಲೆಟ್ ಹಾಕಿಯೇ, ಸುರಕ್ಷಿತ ಗುರಿಗೆ ಹೊಡೆಯಿರಿ. ಕಾಗದ ಹಾರಿದರೆ ಸೋರಿಕೆ ಇದೆ. ಬಳೆ ಬದಲಿಸಲು 5 ನಿಮಿಷ ಸಾಕು, ಗನ್ನು ಬಿಚ್ಚುವುದೇ ಬೇಡ. ಅಳತೆಗೆ ಸರಿಯಾದ ಓ-ರಿಂಗ್ ಹಾರ್ಡ್‌ವೇರ್ ಅಂಗಡಿಯಲ್ಲಿ, ಪಂಪ್‌ಸೆಟ್ ರಿಪೇರಿಯವರ ಹತ್ತಿರ ಸಿಗುತ್ತದೆ. ಬಳೆ ತನ್ನ ಕಾಲುವೆಯಿಂದ ಕೂದಲೆಳೆಯಷ್ಟು ಮೇಲೆ ಇರಬೇಕು. ಸಮಕ್ಕೆ ಇದ್ದರೆ ಅಡಿಗೆ ಕಾಗದದ ಒಂದು ಸುತ್ತು ಕೊಟ್ಟು ಎತ್ತರಿಸಿ.

ಮೂರು, ಕಿವಿ. ನಳಿಗೆ ಮಡಚುವಾಗ ಒಳಗೆ ಕರಕರ ಅಂದರೆ ಸ್ಪ್ರಿಂಗ್ ಬಾಗಿದೆ ಅಥವಾ ಮುರಿದಿದೆ. ಮಡಚಲು ಮುಂಚಿಗಿಂತ ಹಗುರ ಆಗಿದ್ದರೂ ಅದೇ ಅನುಮಾನ. ಮಡಚುವುದು ಸರಿಯಾಗಿದ್ದು, ಹೊಡೆದಾಗ ಪೆಟ್ಟು ಮಾತ್ರ ಠಣ್ ಅಂತ ಗಡುಸಾಗಿದ್ದರೆ ವಾಷರ್ ಹೋಗಿದೆ. ಗಾಳಿಯ ಮೆತ್ತೆ ಇಲ್ಲದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಅದು.

ಸಾಮಾನು

ವರ್ನಿಯರ್ ಕ್ಯಾಲಿಪರ್ ಬೇಕೇ ಬೇಕು. ಇಲ್ಲದಿದ್ದರೆ ಹತ್ತಿರದ ಲೇತ್‌ನವರನ್ನು ಕೇಳಿ, ಒಂದು ದಿನಕ್ಕೆ ಕೊಡುತ್ತಾರೆ. ತುದಿ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಪಿನ್ ಹೊಡೆಯುವ ಪಂಚ್, ಸಣ್ಣ ಸುತ್ತಿಗೆ, ನಯವಾದ ಅರ, 600 ನಂಬರಿನ ಎಮರಿ ಕಾಗದ, ಹಳೆ ಪಂಚೆಯ ಬಟ್ಟೆ. ಮೋಲಿ ಗ್ರೀಸ್, ಅಂದರೆ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಗ್ರೀಸ್. ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಕಣ್ಣಿಗೆ ಕನ್ನಡಕ. ಹುಲ್ಲು ಕತ್ತರಿಸುವ ಮಿಷನ್ನಿಗೆ ಹಾಕುವುದೇ ಆಗುತ್ತದೆ.

ಬಿಚ್ಚಿದ ಭಾಗ ಇಡಲು ಒಳ್ಳೆಯ ಅಡಿಕೆ ಹಾಳೆ ಒಂದು ಸಾಕು. ಅಂಚು ಎತ್ತರ ಇರುವುದರಿಂದ ಪಿನ್ನು, ಸ್ಕ್ರೂ ಉರುಳಿ ಹೋಗುವುದಿಲ್ಲ. ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋಗಿ. ಪ್ರತಿ ಹಂತಕ್ಕೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ.

ಇನ್ನು ಸ್ಪ್ರಿಂಗ್ ಒತ್ತುವ ಚೌಕಟ್ಟು. ಇದನ್ನು ಬಿಟ್ಟು ಕೈಬಲದಲ್ಲಿ ಮಾಡುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು. ಗನ್ನು ಎಳೆದು ನಿಲ್ಲದಿದ್ದಾಗಲೂ ಒಳಗಿನ ಸ್ಪ್ರಿಂಗ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ನಮ್ಮದರಲ್ಲಿ 50 ಮಿ.ಮೀ. ಪಿನ್ ತೆಗೆದ ಕ್ಷಣ ಟ್ರಿಗರಿನ ಕಬ್ಬಿಣದ ಗಟ್ಟಿ ಹಿಂದಕ್ಕೆ ಚಿಮ್ಮುತ್ತದೆ. ಹಲ್ಲು ಮುರಿಯುವಷ್ಟು ಜೋರು ಇರುತ್ತದೆ.

ಚೌಕಟ್ಟು ಮಾಡುವುದು ಕಷ್ಟ ಇಲ್ಲ. ನಾಲ್ಕು ಅಡಿ ಉದ್ದದ ದಪ್ಪ ಹಲಗೆ ತೆಗೆದುಕೊಳ್ಳಿ. ಎರಡೂ ತುದಿಗೆ ಒಂದೊಂದು ಮರದ ಗಟ್ಟಿ ನಿಲ್ಲಿಸಿ ದೊಡ್ಡ ಸ್ಕ್ರೂ ಹಾಕಿ ಬಿಗಿಯಿರಿ. ನಾನು ಹಲಸಿನ ಮರದ ತುಂಡು ಹಾಕಿದ್ದೆ. ಮುಂದಿನ ಗಟ್ಟಿಯಲ್ಲಿ ನಳಿಗೆಯ ತುದಿ ಕೂರಲು ಒಂದು ಗುಳಿ, ಗುಳಿಗೆ ಸೈಕಲ್ ಟ್ಯೂಬಿನ ರಬ್ಬರ್. ಹಿಂದಿನ ಗಟ್ಟಿಗೆ ತೂತು ಕೊರೆದು 12 ಮಿ.ಮೀ. ತ್ರೆಡ್ ರಾಡ್ ಹಾಯಿಸಿ, ನಟ್ ಅಳವಡಿಸಿ. ರಾಡ್ ಕನಿಷ್ಠ 15 ಸೆಂ.ಮೀ. ಹಿಂದೆ ಮುಂದೆ ಹೋಗುವಂತಿರಬೇಕು. ಅದರ ತುದಿಗೆ ಒಂದು ಮರದ ತುಂಡು ಇದ್ದರೆ ಗನ್ನಿನ ಹಿಂಭಾಗಕ್ಕೆ ಗೀರು ಬೀಳುವುದಿಲ್ಲ. ರಾಡ್ ತಿರುಗಿಸಿದರೆ ಒತ್ತುತ್ತದೆ, ಉಲ್ಟಾ ತಿರುಗಿಸಿದರೆ ನಿಧಾನ ಬಿಡುತ್ತದೆ. ಬಡಗಿಯವರ ಉದ್ದದ ಕ್ಲಾಂಪ್ ಸಿಕ್ಕಿದರೆ ಅದನ್ನು ಹಲಗೆಗೆ ಕಟ್ಟಿಯೂ ಕೆಲಸ ಮಾಡಬಹುದು.

ಬಿಚ್ಚುವುದು

ಪೆಲೆಟ್ ಇಲ್ಲ, ಗನ್ನು ಎಳೆದು ನಿಂತಿಲ್ಲ ಅಂತ ಎರಡು ಸಲ ನೋಡಿ. ಮರದ ಸ್ಕ್ರೂ ತೆಗೆದು ಮರ ಬೇರೆ ಮಾಡಿ. ನಮ್ಮ ಗನ್ನಿನ ಮರ ಬಿಚ್ಚಿದಾಗ ಒಳಗಿನ ತೋಡಿನಲ್ಲಿ ಪೆನ್ಸಿಲ್ ಬರಹ ಇತ್ತು. ಅಪ್ಪನ ಅಕ್ಷರ. "ವಾಷರ್ ಹೊಸತು, 1991." ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಆ ವಾಷರನ್ನೇ ನಾನು ತೆಗೆಯಲು ಹೊರಟಿದ್ದೆ.

ಈಗ ಗನ್ನನ್ನು ಚೌಕಟ್ಟಿನಲ್ಲಿ ಮಲಗಿಸಿ. ನಡುವೆ ಎದ್ದು ಬಾರದಂತೆ ಹಗ್ಗ ಹಾಕಿ ಹಲಗೆಗೆ ಕಟ್ಟಿ. ರಾಡ್ ತಿರುಗಿಸಿ ಹಿಂಭಾಗಕ್ಕೆ ತಾಗಿಸಿ, ಇನ್ನೂ ಸ್ವಲ್ಪ ಒತ್ತಿ. ಟ್ರಿಗರ್ ಗಟ್ಟಿಯನ್ನು ಹಿಡಿದಿರುವ ಪಿನ್ನುಗಳನ್ನು ಪಂಚ್‌ನಿಂದ ಮೆತ್ತಗೆ ಮುಟ್ಟಿ ನೋಡಿ. ಒತ್ತಡ ಸರಿಯಾಗಿದ್ದರೆ ಪಿನ್ನು ಸುಲಭವಾಗಿ ಜಾರುತ್ತದೆ. ಜೋರಾಗಿ ಹೊಡೆಯಬೇಕಾಗಿ ಬಂದರೆ ಒತ್ತಡ ಕಮ್ಮಿ ಅಥವಾ ಜಾಸ್ತಿ ಆಗಿದೆ ಅಂತ ಅರ್ಥ. ರಾಡನ್ನು ಕಾಲು ಸುತ್ತು ಅತ್ತಿತ್ತ ಮಾಡಿ. ಪಿನ್ನು ಬಂದ ಮೇಲೆ ರಾಡನ್ನು ನಿಧಾನ ಬಿಡುತ್ತಾ ಹೋಗಿ. ಮುಖ ಗನ್ನಿನ ಹಿಂದೆ ಇರಬಾರದು, ಬದಿಗೆ ಇರಲಿ. ಸ್ಪ್ರಿಂಗ್ ಪೂರ್ತಿ ಸಡಿಲ ಆಗುವವರೆಗೆ ಗಡಿಬಿಡಿ ಬೇಡ.

ಕೆಲವು ಗನ್ನುಗಳಲ್ಲಿ ಪಿನ್ನು ಇರುವುದಿಲ್ಲ, ಹಿಂಭಾಗ ಮುಚ್ಚಳದಂತೆ ತಿರುಗಿಸಿ ತೆಗೆಯುವುದು. ಅಲ್ಲೂ ಕೊನೆಯ ಸುತ್ತಿನಲ್ಲಿ ಸ್ಪ್ರಿಂಗ್ ತಳ್ಳುತ್ತದೆ. ಚೌಕಟ್ಟು ಅಲ್ಲಿಗೂ ಬೇಕು.

ಟ್ರಿಗರ್ ಗಟ್ಟಿ, ಸ್ಪ್ರಿಂಗ್, ಅದರೊಳಗಿನ ಗೈಡ್ ಕಂಬಿ, ಎಲ್ಲ ಹಿಂದಿನಿಂದ ಬರುತ್ತವೆ. ಟ್ರಿಗರ್ ಗಟ್ಟಿಯನ್ನು ಬಿಚ್ಚಲು ಹೋಗಬೇಡಿ. ಅದಕ್ಕೆ ಈಗ ಏನೂ ಆಗಿಲ್ಲ. ನಳಿಗೆಯ ಕೀಲಿನ ಬೋಲ್ಟ್ ತೆಗೆದರೆ ತೋಳು ಸಿಲಿಂಡರಿನ ಸೀಳಿನಿಂದ ಬಿಡುತ್ತದೆ. ಆಮೇಲೆ ಪಿಸ್ಟನ್ ಹಿಂದಕ್ಕೆ ಜಾರಿ ಬರುತ್ತದೆ.

ಅಳತೆ

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿದೆ. ಸ್ಪ್ರಿಂಗನ್ನು ಗನ್ನಿನ ಹೆಸರು ಹೇಳಿ ತರಬೇಡಿ. ಅಳತೆ ಹೇಳಿ ತನ್ನಿ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆಯವರು ಗನ್ನು ಮಾಡಿದ್ದಾರೆ. ಎಲ್ಲವೂ ಒಂದೇ ಅಲ್ಲ.

ಸ್ಪ್ರಿಂಗಿಗೆ ಐದು ಅಳತೆ: ತಂತಿಯ ದಪ್ಪ, ಹೊರ ವ್ಯಾಸ, ಒಳ ವ್ಯಾಸ, ಸುತ್ತುಗಳ ಸಂಖ್ಯೆ, ಬಿಟ್ಟಾಗಿನ ಉದ್ದ. ಹಳೆ ಸ್ಪ್ರಿಂಗ್ ಕುಗ್ಗಿರುತ್ತದೆ, ಅದರ ಉದ್ದವನ್ನು ನಂಬಬೇಡಿ. ಸುತ್ತಿನ ಲೆಕ್ಕ ಮಾತ್ರ ಸುಳ್ಳು ಹೇಳುವುದಿಲ್ಲ. ಮುರಿದಿದ್ದರೆ ತುಂಡುಗಳನ್ನೆಲ್ಲ ಕೂಡಿಸಿ ಎಣಿಸಿ.

ಆರನೆಯ ಅಳತೆ ಗನ್ನಿನದು. ಗನ್ನು ಎಳೆದು ನಿಂತಾಗ ಪಿಸ್ಟನ್ನಿನ ಒಳಗೋಡೆಗೂ ಗೈಡಿನ ಬುಡಕ್ಕೂ ನಡುವೆ ಸ್ಪ್ರಿಂಗಿಗೆ ಸಿಗುವ ಜಾಗ. ನಮ್ಮ ಗನ್ನಿನಲ್ಲಿ ಪಿಸ್ಟನ್ ಮುಂದೆ ಇದ್ದಾಗ ಈ ಜಾಗ 190 ಮಿ.ಮೀ. ಪಿಸ್ಟನ್ ಓಡುವ ದೂರ 80. ಎಳೆದು ನಿಂತಾಗ ಉಳಿಯುವುದು 110. ಈಗ ಸ್ಪ್ರಿಂಗ್ ನೋಡಿ. ತಂತಿ 3 ಮಿ.ಮೀ., ಸುತ್ತು 34. ಪೂರ್ತಿ ಒತ್ತಿದರೆ 34 ಸಲ 3, ಅಂದರೆ 102 ಮಿ.ಮೀ. 110ರ ಜಾಗದಲ್ಲಿ 102 ಕೂರುತ್ತದೆ, 8 ಉಳಿಯುತ್ತದೆ. ಕನಿಷ್ಠ 5 ಮಿ.ಮೀ. ಆದರೂ ಉಳಿಯಬೇಕು.

ಮೊದಲ ಸಲ ನಾನು ಈ ಲೆಕ್ಕ ಮಾಡಿರಲಿಲ್ಲ. ಅಂಗಡಿಗೆ ಹೋಗಿ ಗನ್ನಿನ ಹೆಸರು ಹೇಳಿದೆ.

"ಇದು ಹಾಕಿ ಭಟ್ರೇ, ಪವರ್ ಜಾಸ್ತಿ. ಎಲ್ರೂ ಇದನ್ನೇ ತಗೊಂಡು ಹೋಗೋದು" ಅಂದರು.

"ಉದ್ದ ಸ್ವಲ್ಪ ಜಾಸ್ತಿ ಕಾಣ್ತದಲ್ಲಾ?"

"ಹೊಸತಲ್ವಾ, ಹಾಗೇ ಇರೋದು."

ತಂದು ಹಾಕಿದೆ. ನಳಿಗೆ ಮುಕ್ಕಾಲು ಭಾಗ ಮಡಚಿ ನಿಂತಿತು. ಹೊಸ ಸ್ಪ್ರಿಂಗ್ ಗಡುಸು ಇರಬೇಕು ಅಂತ ಇನ್ನೂ ಬಲ ಹಾಕಿದೆ. ತೋಳು ಬಾಗಿತು. ಹೊರಗೆ ತೆಗೆದು ಎಣಿಸಿದರೆ 39 ಸುತ್ತು. 39 ಸಲ 3, 117 ಮಿ.ಮೀ. 110ರ ಜಾಗಕ್ಕೆ 117 ಹೋಗುವುದು ಹೇಗೆ? ಒಂದು ಗುಣಾಕಾರ ಮಾಡಿದ್ದರೆ ಉಳಿಯುತ್ತಿತ್ತು. ತೋಳನ್ನು ಲೇತ್‌ನವರ ಹತ್ತಿರ ನೇರ ಮಾಡಿಸಲು ಎರಡು ವಾರ ಓಡಾಡಿದೆ.

ಗಟ್ಟಿ ಸ್ಪ್ರಿಂಗ್ ಸರಿಯಾಗಿ ಕೂತರೂ ನಾನು ಹಾಕುವುದಿಲ್ಲ. ಗನ್ನು ಹಿಂದೆ ಮುಂದೆ ಒದೆಯುವುದು ಜಾಸ್ತಿ ಆಗುತ್ತದೆ, ಗುರಿ ಕೆಡುತ್ತದೆ, ವಾಷರ್ ಬೇಗ ಹೋಗುತ್ತದೆ. 20 ಜೂಲಿನ ಗೆರೆಯೂ ಇದೆ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲಿನಲ್ಲಿ. ಆ ಸ್ಪರ್ಧೆಯ ಗುರಿಯ ನಡುವಿನ 10 ಅಂಕದ ಚುಕ್ಕೆ ಅರ್ಧ ಮಿ.ಮೀ. ಅಗಲ. ಅದಕ್ಕೆ ಬೇಕಾದದ್ದು ಪ್ರತಿ ಸಲ ಒಂದೇ ಥರ ಹೊಡೆಯುವ ಗನ್ನು. ನಮ್ಮ ಅಂಗಳದ ಡಬ್ಬಿಗೂ ಅದೇ ಬೇಕು.

ವಾಷರಿಗೆ ಸಿಲಿಂಡರಿನ ಒಳ ವ್ಯಾಸ ಬೇಕು. ಸಾಮಾನ್ಯವಾಗಿ 25, 26, 28 ಮಿ.ಮೀ. ಹೀಗೆ ಇರುತ್ತದೆ. ಹಳೆ ವಾಷರಿನ ಅಳತೆ ನೋಡಬೇಡಿ, ಅದು ಸವೆದಿರುತ್ತದೆ. ಸಿಲಿಂಡರನ್ನೇ ಅಳೆಯಿರಿ. ಪಿಸ್ಟನ್ ತಲೆಯ ಫೋಟೋ ಕೂಡ ಇಟ್ಟುಕೊಳ್ಳಿ. ಕೆಲವಕ್ಕೆ ವಾಷರ್ ನಡುವೆ ಸ್ಕ್ರೂ, ಕೆಲವಕ್ಕೆ ಒತ್ತಿ ಕೂರಿಸುವ ಕೊಡೆಯಂಥ ತಲೆ. ಎರಡೂ ಒಂದಕ್ಕೊಂದು ಆಗುವುದಿಲ್ಲ.

ಕೊಳ್ಳುವಾಗ

ಕಾಸರಗೋಡಿನಿಂದ ಮಂಗಳೂರು ಹತ್ತಿರ. ಕೈಯಲ್ಲಿ ಹಳೆ ಸ್ಪ್ರಿಂಗ್ ಹಿಡಿದುಕೊಂಡು ಹೋಗಿ, ಹೊಸದರ ಪಕ್ಕ ಇಟ್ಟು ನೋಡಬಹುದು. ಅಂಚೆಯಲ್ಲಿ ತರಿಸುವುದಾದರೆ ಆರು ಅಳತೆಗಳನ್ನೂ ಬರೆದು ಕಳಿಸಿ, "ಸುತ್ತು ಎಷ್ಟು" ಅಂತ ಬರಹದಲ್ಲೇ ಉತ್ತರ ಪಡೆಯಿರಿ. ಮಾರುವವರು ಸುತ್ತು ಎಣಿಸಿ ಹೇಳಲು ಬೇಸರಪಟ್ಟರೆ ಬೇರೆ ಕಡೆ ನೋಡಿ. ಬಿಲ್ ತೆಗೆದಿಡಿ.

ಸ್ಪ್ರಿಂಗಿನ ಎರಡೂ ತುದಿ ಚಪ್ಪಟೆಯಾಗಿ ಉಜ್ಜಿರಬೇಕು. ಗಾಜಿನ ಮೇಜಿನ ಮೇಲೆ ನಿಲ್ಲಿಸಿದರೆ ನೆಟ್ಟಗೆ ನಿಲ್ಲಬೇಕು. ಮೇಜಿನ ಮೇಲೆ ಉರುಳಿಸಿದರೆ ಕುಣಿಯಬಾರದು. ಕುಣಿದರೆ ಬಾಗಿದೆ.

ವಾಷರ್ ಚರ್ಮದ್ದೋ ಪ್ಲಾಸ್ಟಿಕ್ಕೋ? ಗನ್ನು ಯಾವುದಕ್ಕೆ ಮಾಡಿದ್ದೋ ಅದೇ. ಚರ್ಮದ ವಾಷರಿಗೆ ಮಾಡಿದ ಪಿಸ್ಟನ್ನಿಗೆ ಚರ್ಮವೇ ಇರಲಿ. ಅದಕ್ಕೆ ಇನ್ನೊಂದು ಅನುಕೂಲ ಇದೆ. ಸಿಲಿಂಡರ್ ಸ್ವಲ್ಪ ಸವೆದಿದ್ದರೂ ಹೊಂದಿಕೊಳ್ಳುತ್ತದೆ.

ಒಳಗೆ ಸ್ವಚ್ಛ ಮಾಡುವುದು

ಹಳೆ ಗ್ರೀಸ್ ಗಟ್ಟಿಯಾಗಿ ಕಪ್ಪು ಬೆಲ್ಲದ ಹಾಗೆ ಅಂಟಿರುತ್ತದೆ. ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆ ಅಥವಾ ಥಿನ್ನರ್ ಹಚ್ಚಿ ಒರೆಸಿ. ಬಟ್ಟೆ ಬೆಳ್ಳಗೆ ಬರುವವರೆಗೆ ಬದಲಿಸುತ್ತಾ ಇರಿ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಗಾಳಿಗೆ ಬಿಡಿ. ಸೀಮೆಎಣ್ಣೆಯ ಪಸೆ ಉಳಿದರೆ ಅಪಾಯ. ಪಿಸ್ಟನ್ ನುಗ್ಗಿದಾಗ ಗಾಳಿ ವಿಪರೀತ ಬಿಸಿ ಆಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆಗುವ ಹಾಗೇ ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ಢಂ ಅಂತ ಸದ್ದು, ನಳಿಗೆಯಲ್ಲಿ ಹೊಗೆ. ಸ್ಪ್ರಿಂಗ್ ಮುರಿಯಬಹುದು, ವಾಷರ್ ಸುಡಬಹುದು.

ಟಾರ್ಚ್ ಹಾಕಿ ಸಿಲಿಂಡರಿನ ಒಳಗೆ ನೋಡಿ. ಉದ್ದಕ್ಕೆ ಸಣ್ಣ ಗೆರೆಗಳಿದ್ದರೆ ಚಿಂತೆ ಇಲ್ಲ. ಉಗುರಿಗೆ ಸಿಗುವಷ್ಟು ಆಳದ ಗೀರು ಇದ್ದರೆ ಲೇತ್‌ನವರಿಗೆ ತೋರಿಸಿ. ತೋಳು ಓಡಾಡುವ ಸೀಳಿನ ಅಂಚು ಬಹಳ ಚೂಪು ಇರುತ್ತದೆ. ಹೊಸ ವಾಷರ್ ಒಳಗೆ ಹೋಗುವಾಗ ಅದನ್ನೇ ದಾಟಬೇಕು. ಅರದಿಂದ ಅಂಚು ಮುರಿದು, ಎಮರಿ ಕಾಗದದಲ್ಲಿ ನಯ ಮಾಡಿ. ಬೆರಳು ಹಾಯಿಸಿದರೆ ಗೀರಬಾರದು. ಕಬ್ಬಿಣದ ಪುಡಿ ಒಳಗೆ ಉಳಿಯದಂತೆ ಇನ್ನೊಂದು ಸಲ ಒರೆಸಿ.

ವಾಷರ್ ಕೂರಿಸುವುದು

ಚರ್ಮದ ವಾಷರನ್ನು ಹಿಂದಿನ ರಾತ್ರಿಯೇ ಸಿಲಿಕಾನ್ ಎಣ್ಣೆಯಲ್ಲಿ ನೆನೆಹಾಕಿ. ತೆಂಗಿನೆಣ್ಣೆ ಬೇಡ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಅದೇ ಮದ್ದು, ಆದರೆ ಇಲ್ಲಿ ಅದು ಅಂಟಾಗುತ್ತದೆ, ಹೊತ್ತಿಕೊಳ್ಳುತ್ತದೆ. ನೆನೆದ ಮೇಲೆ ಹಿಂಡಿ, ಒರೆಸಿ, ಪಿಸ್ಟನ್ ತಲೆಗೆ ಕೂರಿಸಿ ಸ್ಕ್ರೂ ಬಿಗಿಯಿರಿ. ಬಟ್ಟಲಿನ ಆಕಾರದ ಈ ವಾಷರಿನ ಬಾಯಿ ಮುಂದಕ್ಕೆ, ಅಂದರೆ ಗಾಳಿ ಒತ್ತುವ ಕಡೆಗೆ. ಒತ್ತಿದ ಗಾಳಿ ಆ ಬಾಯಿಯನ್ನು ಅಗಲಿಸಿ ಗೋಡೆಗೆ ಅಂಟಿಸುತ್ತದೆ. ಉಲ್ಟಾ ಹಾಕಿದರೆ ಗಾಳಿಯೆಲ್ಲ ಹಿಂದಕ್ಕೆ.

ಪ್ಲಾಸ್ಟಿಕ್ ವಾಷರ್ ಬಿಗಿ ಆದರೆ ಎಮರಿ ಕಾಗದದಲ್ಲಿ ಸುತ್ತಲೂ ಸಮವಾಗಿ ಉಜ್ಜಿ. ಸ್ವಲ್ಪ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ. ಹೆಬ್ಬೆರಳಿನ ಒತ್ತಡಕ್ಕೆ ಪಿಸ್ಟನ್ ಒಳಗೆ ಸರಿಯಬೇಕು. ತಾನಾಗಿ ಜಾರಿದರೆ ಸಡಿಲ. ಸುತ್ತಿಗೆ ಬೇಕಾದರೆ ಬಿಗಿ.

ಸೀಳು ದಾಟಿಸುವಾಗ ನೀರಿನ ಬಾಟಲಿಯ ತೆಳು ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಕತ್ತರಿಸಿ ಸೀಳಿಗೆ ಒಳಗಿನಿಂದ ಅಡ್ಡ ಇಡಿ. ವಾಷರ್ ಅದರ ಮೇಲೆ ಜಾರಿ ದಾಟುತ್ತದೆ. ಆಮೇಲೆ ಪಟ್ಟಿ ಎಳೆದು ತೆಗೆಯಿರಿ.

ಈಗ ನನಗೆ ತುಂಬಾ ಇಷ್ಟದ ಪರೀಕ್ಷೆ. ಸ್ಪ್ರಿಂಗ್ ಹಾಕುವ ಮುಂಚೆ, ಸಿಲಿಂಡರಿನ ಮುಂದಿನ ಸಣ್ಣ ತೂತಿಗೆ ಬೆರಳು ಒತ್ತಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಕೋಲಿನಿಂದ ಪಿಸ್ಟನ್ ತಳ್ಳಿ. ಮೊದಲು ಹೋಗುತ್ತದೆ, ಆಮೇಲೆ ಮೆತ್ತಗೆ ತಡೆಯುತ್ತದೆ, ಕೈ ಬಿಟ್ಟರೆ ಹಿಂದಕ್ಕೆ ಪುಟಿಯುತ್ತದೆ. ಆ ಪುಟಿತ ಕೈಗೆ ತಾಗಿದರೆ ಕೆಲಸ ಗೆದ್ದಂತೆ. ಉಸ್ ಅಂತ ಸೋರಿ ತಳ ಮುಟ್ಟಿದರೆ ವಾಷರ್ ಇನ್ನೂ ಸರಿ ಇಲ್ಲ. ಮುಂದೆ ಹೋಗಬೇಡಿ, ಇಲ್ಲೇ ಸರಿ ಮಾಡಿ.

ಗ್ರೀಸ್, ಸ್ಪ್ರಿಂಗ್, ಮತ್ತೆ ಜೋಡಣೆ

ಮೋಲಿ ಗ್ರೀಸನ್ನು ಪಿಸ್ಟನ್ನಿನ ಹಿಂಭಾಗಕ್ಕೆ, ಗೈಡ್ ಕಂಬಿಗೆ, ಸ್ಪ್ರಿಂಗಿನ ಎರಡು ತುದಿಗೆ, ತೋಳಿನ ತುದಿಗೆ ಹಚ್ಚಿ. ಬೆರಳಿನಲ್ಲಿ ಒರೆಸಿದಷ್ಟು ತೆಳು. ವಾಷರಿನ ಮುಂದೆ ಒಂದು ಚೂರೂ ಹೋಗಬಾರದು. ಹೋದರೆ ಹೊತ್ತಿಕೊಳ್ಳುತ್ತದೆ.

ಪಿಸ್ಟನ್ ಹಾಕಿ, ತೋಳು ಸೀಳಿಗೆ ಕೂರಿಸಿ, ಕೀಲಿನ ಬೋಲ್ಟ್ ಬಿಗಿಯಿರಿ. ನಳಿಗೆ ತನ್ನ ಭಾರಕ್ಕೆ ಬೀಳಬಾರದು, ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲಬೇಕು, ಅಷ್ಟು ಬಿಗಿ. ಸ್ಪ್ರಿಂಗ್, ಗೈಡ್, ಟ್ರಿಗರ್ ಗಟ್ಟಿ ಹಾಕಿ ಚೌಕಟ್ಟಿಗೆ ಏರಿಸಿ. ರಾಡ್ ತಿರುಗಿಸುತ್ತಾ ಗಟ್ಟಿಯ ತೂತು ಸಿಲಿಂಡರಿನ ತೂತಿಗೆ ಸೇರುವುದನ್ನು ಟಾರ್ಚಿನಲ್ಲಿ ನೋಡಿ. ಎರಡು ತೂತಿನಿಂದಲೂ ಬೆಳಕು ಹಾಯ್ದರೆ ಪಿನ್ನು ಹಾಕಿ. ಎಲ್ಲ ಪಿನ್ನೂ ಪೂರ್ತಿ ಕೂತ ಮೇಲೆಯೇ ರಾಡ್ ಬಿಡುವುದು. ಮರ ಹಾಕಿ, ಸ್ಕ್ರೂ ಬಿಗಿಯಿರಿ.

ಮೊದಲ ಸಲ ಎಳೆಯುವಾಗ ಒಂದು ಕೈ ನಳಿಗೆಯನ್ನು ಬಿಡಲೇಬಾರದು. ಕೊಕ್ಕೆ ಸರಿ ಹಿಡಿಯದಿದ್ದರೆ ನಳಿಗೆ ಪಟ್ಟನೆ ಮೇಲಕ್ಕೆ ಬಡಿಯುತ್ತದೆ. ಪೆಲೆಟ್ ಹಾಕುವ ಬೆರಳು ಆಗ ಅಲ್ಲಿದ್ದರೆ ಹೋಯಿತು. ಹೊಸ ಜೋಡಣೆಗೆ ಮಾತ್ರ ಅಲ್ಲ, ಯಾವಾಗಲೂ ಇದೇ ಅಭ್ಯಾಸ ಇರಲಿ. ನಳಿಗೆ ಹಿಡಿದುಕೊಂಡೇ ಪೆಲೆಟ್ ಹಾಕಿ. ಪಕ್ಕದ ಮನೆಯ ಹುಡುಗ ನೋಡಲು ಬಂದಾಗ "ಮಾವ, ನಾನು ಹಾಕ್ತೇನೆ" ಅಂತ ಕೈ ಚಾಚಿದ. ಮೊದಲು ಹತ್ತು ಸಲ ಖಾಲಿ ಕೈಯಲ್ಲಿ ನಳಿಗೆ ಹಿಡಿಯುವುದನ್ನೇ ಮಾಡಿಸಿದೆ. ಆಮೇಲೆ ಪೆಲೆಟ್ ಕೊಟ್ಟೆ.

ಹೊಡೆದು ನೋಡುವುದು

ಗುರಿಯ ಹಿಂದೆ ಕೆಂಪುಕಲ್ಲಿನ ಗೋಡೆ ಇದ್ದರೆ ಬೇಡ. ಪೆಲೆಟ್ ಕಲ್ಲಿಗೆ ಬಡಿದು ಮುಖಕ್ಕೇ ವಾಪಸ್ ಬರುತ್ತದೆ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಳೆ ಬಟ್ಟೆ ಒತ್ತಿ ತುಂಬಿ, ಮುಂದೆ ಕಾಗದ ಅಂಟಿಸಿ. ದೂರ 10 ಮೀಟರ್. ಹಿಂದೆ ಯಾರೂ ಓಡಾಡದ ಜಾಗ. ಕನ್ನಡಕ ಹಾಕಿಯೇ ಹೊಡೆಯಿರಿ.

ಮೊದಲ 20, 30 ಹೊಡೆತಕ್ಕೆ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ, ಒಳಗಿನ ಎಣ್ಣೆಯ ಪಸೆ ಉರಿದು ಹೋಗುವುದು ಅದು. ಢಂ ಅಂತ ಜೋರು ಸದ್ದು ಬರುತ್ತಲೇ ಇದ್ದರೆ ನಿಲ್ಲಿಸಿ, ಬಿಚ್ಚಿ ಮತ್ತೆ ಒರೆಸಬೇಕು. ನೂರಿನ್ನೂರು ಹೊಡೆತ ಆಗುವಾಗ ವಾಷರ್ ಗೋಡೆಗೆ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಗುರಿಯ ಕಣ್ಣು (ಸೈಟ್) ತಿರುಗಿಸುತ್ತಾ ಕೂರಬೇಡಿ. ಆಮೇಲೆ ಐದು ಪೆಲೆಟ್ ಒಂದೇ ಕಡೆಗೆ ಹೊಡೆದು, ಐದೂ ಎಷ್ಟು ಹತ್ತಿರ ಬಿದ್ದಿವೆ ನೋಡಿ. ನಮ್ಮದು ಮೊದಲ ದಿನ ಅಂಗೈ ಅಗಲ ಇತ್ತು. ಎರಡನೆಯ ವಾರ ಸೋಡಾ ಬಾಟಲಿಯ ಮುಚ್ಚಳದ ಒಳಗೆ ಬಂತು.

ಮಳೆಗಾಲಕ್ಕೆ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟಿ ಮಳೆ. ಜೂನ್ ತಿಂಗಳಲ್ಲಿ ಮುಟ್ಟದೆ ಇಟ್ಟ ಗನ್ನು ಸೆಪ್ಟೆಂಬರಿನಲ್ಲಿ ತೆಗೆದರೆ ಬೆರಳಿನ ಗುರುತಿದ್ದಲ್ಲೆಲ್ಲ ತುಕ್ಕು. ಹೊರಗಿನ ಕಬ್ಬಿಣಕ್ಕೆ ಎಣ್ಣೆಯ ಬಟ್ಟೆ ಹಾಯಿಸಿ, 15 ದಿನಕ್ಕೊಮ್ಮೆ ತೆಗೆದು ಒರೆಸಿ. ಚರ್ಮದ ಚೀಲ, ಸ್ಪಂಜಿನ ಪೆಟ್ಟಿಗೆ ಬೇಡ, ಎರಡೂ ತೇವ ಹೀರಿ ಹಿಡಿಯುತ್ತವೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗ ಇರುವ ಕಪಾಟಿನಲ್ಲಿ, ಹೊಗೆ ಅಟ್ಟದಿಂದ ದೂರ ಇಡಿ. ಎಳೆದ ಸ್ಥಿತಿಯಲ್ಲಿ ಎಂದೂ ಇಡಬೇಡಿ, ಸ್ಪ್ರಿಂಗ್ ಕುಗ್ಗುತ್ತದೆ. ಪೆಲೆಟ್ ಡಬ್ಬಿ ಬೇರೆ ಕಡೆ ಇರಲಿ.

ಒಂದು ಕೆಲಸ ಮರೆತೆ. ಅದನ್ನು ಮರ ಹಾಕುವ ಮುಂಚೆಯೇ ಮಾಡಬೇಕು. ಸ್ಪ್ರಿಂಗಿನ ಅಳತೆ ಬರೆದ ಕಾಗದ ಕಳೆದುಹೋಗುತ್ತದೆ, ಮೊಬೈಲ್ ಬದಲಾಗುತ್ತದೆ. ಮರದ ಒಳಗಿನ ತೋಡಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಅಪ್ಪನ ಸಾಲಿನ ಕೆಳಗೆ ನಾನು ಬರೆದದ್ದು ಹೀಗೆ: "ಸ್ಪ್ರಿಂಗ್ ಹೊಸತು. ತಂತಿ 3, ಸುತ್ತು 34, ಉದ್ದ 240. ಜಾಗ 110. ಇದಕ್ಕಿಂತ ಉದ್ದದ್ದು ತರಬೇಡ."